ರೆಕಾರ್ಡಿಂಗ್ ನಡುವೆ ಕಳೆದುಹೋಗುವ ಅಕ್ಷರಗಳು

ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಗೆ ಮದುವೆಮನೆಯ ಹಾಡುಗಳು ಲೆಕ್ಕವಿಲ್ಲದಷ್ಟು ಬರುತ್ತವೆ. ಬರೆದಿಟ್ಟ ಪುಸ್ತಕವಿಲ್ಲ, ಎಲ್ಲ ಬಾಯಿಪಾಠ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರನ್ನು ನಡುಮನೆಯಲ್ಲಿ ಕೂರಿಸಿ, ಯುಎಸ್‌ಬಿ ಮೈಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಲವತ್ತು ನಿಮಿಷ ಹಾಡಿಸಿದೆ. ಪರದೆಯ ಮೇಲೆ ಧ್ವನಿಯ ಅಲೆ ಚೆನ್ನಾಗಿಯೇ ಓಡುತ್ತಿತ್ತು. ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಅರ್ಧ ದಾಟಿದ ಮೇಲೆ ಅಲ್ಲಲ್ಲಿ ‘ಟಪ್’ ಎಂಬ ಸದ್ದು. ಸದ್ದಿನ ಜೊತೆಗೆ ಒಮ್ಮೊಮ್ಮೆ ಒಂದು ಅಕ್ಷರವೂ ಮಾಯ. ಕೆಲವು ಕಡೆ ಇಡೀ ಪದವೇ ಇಲ್ಲ. ಎಣಿಸಿದೆ, 19 ಕಡೆ ಹೀಗಾಗಿತ್ತು. ಮರುದಿನ ಇನ್ನೊಮ್ಮೆ ಹಾಡಿ ಎಂದು ಕೇಳಿದ್ದಕ್ಕೆ ಅತ್ತೆ, “ನಿನ್ನೆ ಬಂದ ಹಂಗೇ ಇವತ್ತೂ ಬರ್ತದಾ ಮಾರಾಯ? ಬಾಯಿಗೆ ಬಂದಿದ್ದು ಹಾಡಿದ್ದಷ್ಟೆ” ಎಂದರು.

ಆ 19 ಜಾಗಗಳ ಬೆನ್ನು ಹತ್ತಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕೂತು ಪಾಠ, ಪಾಡ್‌ಕಾಸ್ಟ್, ಕಥೆ, ಸಂಗೀತ ರೆಕಾರ್ಡ್ ಮಾಡುವವರು ಈಗ ಊರೂರಲ್ಲಿ ಇದ್ದಾರೆ. ಮಾತು ಹೀಗೆ ತುಂಡಾದಾಗ ಬಹಳಷ್ಟು ಮಂದಿ ಮೊದಲು ಮಾಡುವ ಕೆಲಸ ಹೊಸ ಮೈಕ್ ಕೊಳ್ಳುವುದು. ಐದಾರು ಸಾವಿರ ರೂಪಾಯಿ ಕೈಬಿಟ್ಟ ಮೇಲೂ ‘ಟಪ್’ ಸದ್ದು ಹಾಗೇ ಉಳಿಯುತ್ತದೆ. ಮೈಕ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದು ಕಳಿಸಿದ ಧ್ವನಿಯನ್ನು ಎತ್ತಿಕೊಳ್ಳಲು ಲ್ಯಾಪ್‌ಟಾಪು ಆ ಕ್ಷಣಕ್ಕೆ ಬಂದಿರುವುದಿಲ್ಲ. ಆದ್ದರಿಂದ ಪೇಟೆಗೆ ಹೋಗುವ ಮೊದಲು ಒಂದು ಕಾಗದ ಪೆನ್ನು ಹಿಡಿದು, ಧ್ವನಿ ಯಾವ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಕೆಟ್ಟಿದೆ ಎಂದು ಬರೆದುಕೊಳ್ಳಿ. ‘ಯಾವಾಗ’ ಎಂಬುದಕ್ಕೆ ಉತ್ತರ ಸಿಕ್ಕರೆ ‘ಏಕೆ’ ಎಂಬುದರ ಮುಕ್ಕಾಲು ಪಾಲು ಅದರಲ್ಲೇ ಇರುತ್ತದೆ.

ಕಿವಿಗೆ ಮೊದಲು ಕಣ್ಣು

ರೆಕಾರ್ಡಿಂಗ್ ತಂತ್ರಾಂಶಗಳಾದ ಅಡಾಸಿಟಿಯಲ್ಲೋ ರೀಪರ್‌ನಲ್ಲೋ ಕೆಟ್ಟ ಜಾಗಕ್ಕೆ ಹೋಗಿ, ಅಲೆಯನ್ನು ಎಳೆ ಎಳೆಯಾಗಿ ಕಾಣುವಷ್ಟು ದೊಡ್ಡದು ಮಾಡಿ. ನುಣುಪಾಗಿ ಏರಿಳಿಯುತ್ತಿದ್ದ ಗೆರೆ ಒಮ್ಮೆಲೇ ಕತ್ತರಿಸಿದಂತೆ ನಿಂತು, ಇನ್ನೆಲ್ಲಿಂದಲೋ ಶುರುವಾಗಿದ್ದರೆ, ಅಥವಾ ನಡುವೆ ಚಪ್ಪಟೆಯಾದ ಖಾಲಿ ಗೆರೆ ಇದ್ದರೆ, ಅದು ಡ್ರಾಪ್‌ಔಟ್. ಧ್ವನಿ ಅಲ್ಲಿ ಲ್ಯಾಪ್‌ಟಾಪಿನ ಕೈತಪ್ಪಿದೆ. ಅಲೆಯ ನೆತ್ತಿಯನ್ನು ಕತ್ತಿಯಿಂದ ಸವರಿದಂತೆ ಮಟ್ಟಸವಾಗಿದ್ದರೆ ಅದು ಕ್ಲಿಪ್ಪಿಂಗ್. ಮೈಕಿನ ಮಟ್ಟ ಜಾಸ್ತಿಯಾಗಿದೆ, ಗೇನ್ ಇಳಿಸಿದರೆ ಆಯಿತು. ‘ಪ’, ‘ಬ’, ‘ಭ’ ಬಂದಲ್ಲೆಲ್ಲ ದೊಡ್ಡ ನಿಧಾನದ ಉಬ್ಬು ಕಂಡರೆ ಅದು ಬಾಯಿಯ ಗಾಳಿ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಓರೆಗೆ ಸರಿಸಿ. ಮೌನದ ಜಾಗದಲ್ಲೂ ಬಿಡದೆ ಒಂದೇ ಸಮ ‘ಗುಂಯ್’ ಎನ್ನುತ್ತಿದ್ದರೆ ಅದು ಕರೆಂಟಿನ ಸದ್ದು. ನಮ್ಮ ದೇಶದಲ್ಲಿ ಅದರ ಮೂಲ 50 ಹರ್ಟ್ಸ್. ಅಮೆರಿಕದಲ್ಲಿರುವವರಿಗೆ 60 ಹರ್ಟ್ಸ್, ಸದ್ದಿನ ಶ್ರುತಿ ಸ್ವಲ್ಪ ಮೇಲೆ. ಫೋನು ಪಕ್ಕದಲ್ಲಿದ್ದು ಕರೆ ಬರುವ ಮುಂಚೆ ‘ಡಿರ್ ಡಿರ್ ಡಿರ್’ ಎಂದು ಕೇಳಿಸಿದರೆ ಅದು ಫೋನಿನದೇ ಸದ್ದು, ಒಂದು ಮಾರು ದೂರ ಇಡಿ.

ಈ ವಿಂಗಡಣೆಗೆ ಐದು ನಿಮಿಷ ಸಾಕು. ಅದನ್ನು ಮಾಡದೆ ಸೆಟ್ಟಿಂಗ್‌ಗಳನ್ನು ಬದಲಿಸುತ್ತಾ ಹೋದವರು ಕ್ಲಿಪ್ಪಿಂಗ್‌ಗೆ ಬಫರ್ ಬದಲಿಸಿ, ಡ್ರಾಪ್‌ಔಟ್‌ಗೆ ಗೇನ್ ಇಳಿಸಿ ದಿನಗಟ್ಟಲೆ ಕಳೆದದ್ದನ್ನು ನೋಡಿದ್ದೇನೆ. ಇಲ್ಲಿಂದ ಮುಂದೆ ನಾನು ಹೇಳುವುದು ಹೆಚ್ಚಾಗಿ ಡ್ರಾಪ್‌ಔಟ್ ಬಗ್ಗೆ. ಉಳಿದ ತೊಂದರೆಗಳು ಕೇಳಿದಾಕ್ಷಣ ಗೊತ್ತಾಗುತ್ತವೆ, ಸರಿಪಡಿಸುವುದೂ ಸುಲಭ. ಇದು ಮಾತ್ರ ರೆಕಾರ್ಡ್ ಆಗುವಾಗ ಸದ್ದಿಲ್ಲದೆ ಆಗಿಹೋಗಿರುತ್ತದೆ.

ನಲ್ಲಿಯ ಕೆಳಗಿನ ಕೊಡ

ಬೀದಿ ನಲ್ಲಿಯಲ್ಲಿ ನೀರು ಹಿಡಿದವರಿಗೆ ಬಫರ್ ಅಂದರೇನೆಂದು ಹೇಳಿಕೊಡಬೇಕಿಲ್ಲ. ನೀರು ಸಣ್ಣಗೆ, ಆದರೆ ನಿಲ್ಲದೆ ಬರುತ್ತಿರುತ್ತದೆ. ಒಂದು ಕೊಡ ನಲ್ಲಿಯ ಕೆಳಗೆ ತುಂಬುತ್ತಿರುವಾಗ ಇನ್ನೊಂದನ್ನು ಒಳಗೆ ಒಯ್ದು ಹಂಡೆಗೆ ಸುರಿದು, ಮೊದಲನೆಯದು ತುಂಬುವುದರೊಳಗೆ ವಾಪಸು ಬರಬೇಕು. ದಾರಿಯಲ್ಲಿ ಯಾರೋ ಮಾತಿಗೆ ನಿಲ್ಲಿಸಿದರೆ ಕೊಡ ತುಂಬಿ ಹೊರಚೆಲ್ಲುತ್ತದೆ. ಚೆಲ್ಲಿದ ನೀರು ಮತ್ತೆ ಸಿಗುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಹೀಗೆಯೇ. ಮೈಕ್ ಪ್ರತಿ ಸೆಕೆಂಡಿಗೆ ಧ್ವನಿಯ 48,000 ಸಣ್ಣ ಅಳತೆಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು ಕಳಿಸುತ್ತಲೇ ಇರುತ್ತದೆ. ಅವು ಬಫರ್ ಎಂಬ ಪುಟ್ಟ ಜಾಗದಲ್ಲಿ ತುಂಬುತ್ತವೆ. ತುಂಬಿದಂತೆಲ್ಲ ಪ್ರೊಸೆಸರ್ ಬಂದು ಖಾಲಿ ಮಾಡಿಕೊಂಡು ಹೋಗಬೇಕು. ಅದು ಬರುವುದು ತಡವಾದರೆ ಸ್ಯಾಂಪಲ್‌ಗಳು ಚೆಲ್ಲಿಹೋಗುತ್ತವೆ. ಅತ್ತೆಯ ಹಾಡಿನಲ್ಲಿ ಇಲ್ಲವಾದ ಅಕ್ಷರಗಳು ಹಾಗೆ ಚೆಲ್ಲಿಹೋದವು.

ಲೆಕ್ಕ ಹಾಕಿ ನೋಡಿ. ಬಫರ್ 128 ಸ್ಯಾಂಪಲ್ ಇದ್ದರೆ ಅದು ತುಂಬಲು ಹಿಡಿಯುವ ಸಮಯ ಸುಮಾರು 2.7 ಮಿಲಿಸೆಕೆಂಡ್. ಸೆಕೆಂಡಿಗೆ 375 ಸಲ ಪ್ರೊಸೆಸರ್ ತಪ್ಪದೆ ಹಾಜರಾಗಬೇಕು. 1024 ಇಟ್ಟರೆ 21 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ, ಸೆಕೆಂಡಿಗೆ 47 ಸಲ ಬಂದರೆ ಸಾಕು. ನಡುವೆ ವೈ-ಫೈ ಕೆಲಸವೋ ಆ್ಯಂಟಿವೈರಸ್ ಕೆಲಸವೋ ಅದನ್ನು ಹತ್ತು ಮಿಲಿಸೆಕೆಂಡ್ ಹಿಡಿದು ನಿಲ್ಲಿಸಿದರೂ 1024ರ ಕೊಡ ಚೆಲ್ಲುವುದಿಲ್ಲ. 128ರದ್ದು ಮೂರು ನಾಲ್ಕು ಸಲ ತುಂಬಿ ಹೊರಹೋಗಿರುತ್ತದೆ.

ಹಾಗಾದರೆ ಚಿಕ್ಕ ಬಫರ್ ಯಾಕಾದರೂ ಇದೆ? ಹಾಡುವವರು ತಮ್ಮ ದನಿಯನ್ನು ಲ್ಯಾಪ್‌ಟಾಪಿನ ಮೂಲಕ ಹಾದು ಬಂದ ಮೇಲೆ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದರೆ, ದೊಡ್ಡ ಬಫರ್‌ನಿಂದ ದನಿ ತಡವಾಗಿ ಕೇಳಿಸುತ್ತದೆ. ಹತ್ತು ಹನ್ನೆರಡು ಮಿಲಿಸೆಕೆಂಡ್ ದಾಟಿದರೆ ತಾಳ ಹಿಡಿಯುವವರಿಗೆ ಕಸಿವಿಸಿ ಶುರು. ಕೀಬೋರ್ಡ್ ನುಡಿಸಿ ಅದರ ನಾದವನ್ನು ತಂತ್ರಾಂಶದಿಂದಲೇ ಹೊರಡಿಸುವವರಿಗೂ ಇದೇ ಕಷ್ಟ. ಅಂಥವರು 128 ಅಥವಾ 256ರಲ್ಲಿ ಹೆಣಗಲೇಬೇಕು. ಕಥೆ ಓದುವವರಿಗೆ, ಪಾಠ ಮಾಡುವವರಿಗೆ, ಮನೆಯ ಹಿರಿಯರನ್ನು ಮಾತಾಡಿಸುವವರಿಗೆ ಆ ಗೋಜು ಯಾವುದೂ ಇಲ್ಲ. ಅವರು 1024 ಇಟ್ಟುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ದನಿ ಕೇಳಿಕೊಳ್ಳಲೇಬೇಕು ಎಂದಿದ್ದರೆ ಅನೇಕ ಯುಎಸ್‌ಬಿ ಮೈಕ್‌ಗಳಲ್ಲಿ, ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಹಾಕುವ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಹೆಡ್‌ಫೋನ್ ತೂತು ಇರುತ್ತದೆ. ‘ಡೈರೆಕ್ಟ್ ಮಾನಿಟರ್’ ಗುಂಡಿ ಒತ್ತಿದರೆ ದನಿ ಲ್ಯಾಪ್‌ಟಾಪಿಗೆ ಹೋಗದೆ ಅಲ್ಲಿಂದಲೇ ಕಿವಿಗೆ ಬರುತ್ತದೆ, ತಡವೇ ಇಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಅಂದು ಬಫರ್ 128 ಇತ್ತು. ಒಂದು ತಿಂಗಳ ಹಿಂದೆ ಅಣ್ಣನ ಮಗಳು ಕೀಬೋರ್ಡ್ ನುಡಿಸಿದಾಗ ಇಟ್ಟದ್ದು ಹಾಗೇ ಉಳಿದಿತ್ತು. ತಪ್ಪಿನ ಅರ್ಧ ಅದು. ಆದರೆ ಬಫರ್ ಚಿಕ್ಕದಿದ್ದದ್ದೇ ಕಾರಣವಾದರೆ ಮೊದಲ ಹಾಡಿನಿಂದಲೇ ಮಾತು ತುಂಡಾಗಬೇಕಿತ್ತು. ಆಗಿರಲಿಲ್ಲ.

ಬಫರ್ ಎಲ್ಲಿ ಬದಲಿಸುವುದು ಎಂಬುದು ನೀವು ಬಳಸುವ ತಂತ್ರಾಂಶವನ್ನು ಅವಲಂಬಿಸಿದೆ. ಅಡಾಸಿಟಿಯಲ್ಲಿ ಆಡಿಯೊ ಸೆಟ್ಟಿಂಗ್ಸ್ ಒಳಗೆ ‘ಬಫರ್ ಲೆಂಗ್ತ್’ ಮಿಲಿಸೆಕೆಂಡ್ ಲೆಕ್ಕದಲ್ಲಿದೆ; ಮೊದಲೇ 100 ಇರುತ್ತದೆ, ತೊಂದರೆ ಬಂದರೆ 200 ಮಾಡಿ. ಅದೇ ಕಡೆ ‘ಹೋಸ್ಟ್’ ಎಂಬಲ್ಲಿ ವಿಂಡೋಸ್‌ನವರು ‘ಎಂಎಂಇ’ ಬದಲು ‘ವಿಂಡೋಸ್ ವಾಸಾಪಿ’ ಆರಿಸಿಕೊಂಡು ನೋಡಿ. ವಾಸಾಪಿ ವಿಂಡೋಸ್ ವಿಸ್ಟಾದೊಂದಿಗೆ ಬಂದದ್ದು. ಎಂಎಂಇ ಅದಕ್ಕಿಂತ ಎಷ್ಟೋ ಹಳೆಯ ದಾರಿ. ರೀಪರ್‌ನಂಥ ತಂತ್ರಾಂಶ ಬಳಸುವವರು, ಇಂಟರ್‌ಫೇಸ್ ತಯಾರಿಸಿದ ಕಂಪನಿಯದ್ದೇ ಎಎಸ್‌ಐಒ ಡ್ರೈವರ್ ಇದ್ದರೆ ಅದನ್ನೇ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಮಾತ್ರ ‘ಎಎಸ್‌ಐಒ ಫಾರ್ ಆಲ್’ ಎಂಬ ಉಚಿತ ಡ್ರೈವರ್. ಎರಡನ್ನೂ ಹಾಕಿ, ಯಾವುದು ನಡೆಯುತ್ತಿದೆ ಎಂದು ತಿಳಿಯದೆ ಒದ್ದಾಡುವುದು ಬೇಡ.

ಅಡಾಸಿಟಿಯಲ್ಲಿ ಇನ್ನೊಂದು ಅನುಕೂಲ ಇದೆ. ರೆಕಾರ್ಡಿಂಗ್ ಸೆಟ್ಟಿಂಗ್‌ಗಳಲ್ಲಿ ‘ಡಿಟೆಕ್ಟ್ ಡ್ರಾಪ್‌ಔಟ್ಸ್’ ಎಂಬುದಕ್ಕೆ ಗುರುತು ಹಾಕಿಟ್ಟರೆ, ಎಲ್ಲೆಲ್ಲಿ ಧ್ವನಿ ಕೈತಪ್ಪಿದೆಯೋ ಅಲ್ಲಲ್ಲಿ ಚೀಟಿ ಅಂಟಿಸಿದಂತೆ ತೋರಿಸುತ್ತದೆ. ನಾನು ಕಿವಿಯಿಂದ ಎರಡು ತಾಸು ಹುಡುಕಿದ 19 ಜಾಗಗಳನ್ನು ಅದು ಆಗಲೇ ಹೇಳುತ್ತಿತ್ತು.

ದಾರಿಯಲ್ಲಿ ನಿಲ್ಲಿಸುವವರು ಯಾರು

ಪ್ರೊಸೆಸರ್ ಎಷ್ಟೇ ವೇಗದ್ದಿರಲಿ, ಆಡಿಯೊ ಕೆಲಸಕ್ಕೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಹೇಳಿದ ಹೊತ್ತಿಗೆ ಬರುವುದು. ಲಕ್ಷ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಮಾತು ತುಂಡಾಗಿ, ಹತ್ತು ವರ್ಷದ ಹಳೆಯದರಲ್ಲಿ ಚೆನ್ನಾಗಿ ಬರುವುದು ಇದೇ ಕಾರಣಕ್ಕೆ. ವಿಂಡೋಸ್‌ನಲ್ಲಿ ವೈ-ಫೈ, ಗ್ರಾಫಿಕ್ಸ್, ಬ್ಯಾಟರಿ, ಯುಎಸ್‌ಬಿ ಎಲ್ಲದಕ್ಕೂ ಒಂದೊಂದು ಡ್ರೈವರ್ ಇರುತ್ತದೆ. ಇವುಗಳಲ್ಲಿ ಒಂದು ಪ್ರೊಸೆಸರನ್ನು ಹಿಡಿದುಕೊಂಡು ಬೇಗ ಬಿಡದಿದ್ದರೆ ಆಡಿಯೊ ಕಾಯುತ್ತಾ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇಕಡಾ ಹತ್ತು ಎಂದೇ ಕಾಣುತ್ತಿರುತ್ತದೆ, ಧ್ವನಿ ಮಾತ್ರ ತುಂಡು ತುಂಡು.

ಯಾವ ಡ್ರೈವರ್ ಎಂದು ಹೇಳುವ ಉಚಿತ ತಂತ್ರಾಂಶ ‘ಲೇಟೆನ್ಸಿಮಾನ್’. ಅದನ್ನು ಚಾಲೂ ಮಾಡಿ ಹತ್ತು ನಿಮಿಷ ಬಿಡಿ. ಈ ಲ್ಯಾಪ್‌ಟಾಪು ಆಡಿಯೊಗೆ ಆಗಿಬರುತ್ತದೆಯೋ ಇಲ್ಲವೋ ಎಂದು ಒಂದು ತೀರ್ಪು ಕೊಡುತ್ತದೆ. ‘ಡ್ರೈವರ್ಸ್’ ಪುಟದಲ್ಲಿ ಹೆಚ್ಚು ಹೊತ್ತು ಹಿಡಿದ ಕಡತದ ಹೆಸರು ಇರುತ್ತದೆ. ‘ಎನ್‌ಡಿಐಎಸ್’ ಎಂದಿದ್ದರೆ ನೆಟ್‌ವರ್ಕ್ ಕಡೆ ನೋಡಿ, ಮುಖ್ಯವಾಗಿ ವೈ-ಫೈ. ‘ಎಸಿಪಿಐ’ ಎಂದಿದ್ದರೆ ವಿದ್ಯುತ್ ನಿರ್ವಹಣೆ, ಬ್ಯಾಟರಿ. ‘ಎನ್‌ವಿ’ಯಿಂದ ಶುರುವಾಗಿ ‘ಕೆಎಂ’ನಲ್ಲಿ ಮುಗಿಯುವ ಉದ್ದ ಹೆಸರಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್. ಹೆಸರು ಸಿಕ್ಕ ಮೇಲೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಆ ಡ್ರೈವರಿನ ಹೊಸ ಆವೃತ್ತಿಯನ್ನು ಹಾಕಿ ಮತ್ತೆ ಅಳೆಯಿರಿ. ಬಯಾಸ್ ಅಪ್‌ಡೇಟ್ ಬಂದಿದ್ದರೆ ಅದನ್ನೂ ಹಾಕುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ವ್ಯವಧಾನ ಇಲ್ಲದವರಿಗೆ ಒಂದೇ ಗುಂಡಿಯ ಪರೀಕ್ಷೆ ಇದೆ: ಏರೋಪ್ಲೇನ್ ಮೋಡ್. ವೈ-ಫೈ, ಬ್ಲೂಟೂತ್ ಎರಡೂ ಒಟ್ಟಿಗೆ ಆರುತ್ತವೆ. ನಾನು ನೋಡಿದಷ್ಟರಲ್ಲಿ ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿದಿವೆ. ನೆಟ್ ಇಲ್ಲದಿದ್ದರೆ ಅಪ್‌ಡೇಟ್‌ಗಳು ನಡುವೆ ಇಳಿಯಲು ಶುರು ಮಾಡುವುದಿಲ್ಲ, ವಾಟ್ಸ್‌ಆ್ಯಪ್‌ನ ‘ಟಿಂಗ್’ ಕೂಡ ರೆಕಾರ್ಡಿಂಗ್ ಒಳಗೆ ಬರುವುದಿಲ್ಲ.

ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕಿನಲ್ಲಿ ರೆಕಾರ್ಡ್ ಮಾಡಬೇಡಿ. ಮೈಕ್ ಚಾಲೂ ಆದೊಡನೆ ಆ ಹೆಡ್‌ಸೆಟ್ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟದ ಧ್ವನಿಗೆ ಇಳಿಯುತ್ತದೆ. ಎಷ್ಟು ದುಬಾರಿಯದ್ದಾದರೂ ಡಬ್ಬದೊಳಗಿಂದ ಮಾತಾಡಿದಂತೆ ಬರುತ್ತದೆ.

ಕಡತ ಉಳಿಯುವ ಜಾಗವನ್ನೂ ಒಮ್ಮೆ ನೋಡಿ. ಒಬ್ಬರ ದನಿಯನ್ನು 48,000 ಸ್ಯಾಂಪಲ್, 24 ಬಿಟ್‌ನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿದರೆ ಸುಮಾರು 520 ಎಂಬಿ. ಹಳೆಯ ಹಾರ್ಡ್‌ಡಿಸ್ಕ್ ಕೂಡ ಇದನ್ನು ಲೀಲಾಜಾಲವಾಗಿ ಬರೆದುಕೊಳ್ಳುತ್ತದೆ. ಆದರೆ ಆ ಫೋಲ್ಡರ್ ಒನ್‌ಡ್ರೈವ್ ಒಳಗಿದ್ದರೆ, ನೀವು ಹಾಡುತ್ತಿರುವಾಗಲೇ ಅದು ಮೇಲಕ್ಕೆ ಕಳಿಸಲು ಹೊರಡಬಹುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಒನ್‌ಡ್ರೈವ್‌ಗೆ ಸೇರಿಕೊಂಡಿರುವ ಲ್ಯಾಪ್‌ಟಾಪುಗಳು ಈಗ ಹೆಚ್ಚು. ನೇರ ಡಿ ಡ್ರೈವ್‌ನಲ್ಲೋ ಸಿ ಡ್ರೈವ್‌ನಲ್ಲೋ ಬೇರೆ ಫೋಲ್ಡರ್ ಮಾಡಿಕೊಳ್ಳಿ. ಪೆನ್‌ಡ್ರೈವ್‌ಗೆ ನೇರ ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ.

ಫ್ಯಾನ್ ನಿಂತ ಗಳಿಗೆ

ನನ್ನ ಕಾಗದದಲ್ಲಿ 19 ಸಮಯಗಳನ್ನು ಬರೆದುಕೊಂಡಾಗ ಮೊದಲನೆಯದೇ 22ನೇ ನಿಮಿಷದ್ದು. ಅದಕ್ಕೆ ಮೊದಲು ಒಂದೂ ಇಲ್ಲ. ಆ ಜಾಗವನ್ನು ಮತ್ತೆ ಮತ್ತೆ ಕೇಳಿದೆ. ನಾಲ್ಕನೇ ಸಲಕ್ಕೆ ಕಿವಿಗೆ ಬಿತ್ತು. ಹಾಡಿನ ಹಿಂದೆ ಸಣ್ಣಗೆ ಇದ್ದ ಫ್ಯಾನಿನ ಸದ್ದು ಅಲ್ಲಿಗೆ ಇಳಿದು ಇಳಿದು ನಿಂತಿದೆ. ಕರೆಂಟ್ ಹೋಗಿತ್ತು. ಹಗಲಾದ್ದರಿಂದ ಯಾರಿಗೂ ಗಮನಕ್ಕೆ ಬಂದಿರಲಿಲ್ಲ. ಅತ್ತೆ ಹಾಡು ನಿಲ್ಲಿಸಿರಲಿಲ್ಲ, ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆದಿತ್ತು.

ಚಾರ್ಜರ್ ಇದ್ದಾಗಿನ ಲ್ಯಾಪ್‌ಟಾಪೇ ಬೇರೆ, ಬ್ಯಾಟರಿಯ ಮೇಲಿನದೇ ಬೇರೆ. ವಿಂಡೋಸ್ ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಕರೆಂಟ್ ಹೋದ ಕ್ಷಣ ಪರದೆ ಮಂಕಾಗುತ್ತದೆ, ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುತ್ತದೆ, ಬಿಡುವು ಸಿಕ್ಕಾಗಲೆಲ್ಲ ತೂಕಡಿಸುತ್ತದೆ. ತೂಕಡಿಕೆಯಿಂದ ಏಳಲು ಹಿಡಿಯುವ ಸಣ್ಣ ಹೊತ್ತೇ 128ರ ಬಫರ್‌ಗೆ ಸಾಕು. ಮನೆಯ ವೈ-ಫೈ ರೂಟರ್ ಕೂಡ ಆಗ ಆರಿರುತ್ತದೆ. ಲ್ಯಾಪ್‌ಟಾಪು ಅದನ್ನು ಹುಡುಕುತ್ತಾ ಇನ್ನಷ್ಟು ಅಡ್ಡಿ ಮಾಡುತ್ತದೆ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ನೆನಪಿಡಬೇಕಾದ ಮಾತು. ಇನ್ವರ್ಟರ್ ಇದ್ದ ಮನೆಯಲ್ಲೂ ಎಲ್ಲ ಪ್ಲಗ್ಗಿಗೂ ಅದರ ಸಂಪರ್ಕ ಇರುವುದಿಲ್ಲ, ಲ್ಯಾಪ್‌ಟಾಪಿನ ಪ್ಲಗ್ಗಿಗೆ ಇದೆಯೇ ನೋಡಿ.

ಮಾಡಬೇಕಾದದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಪವರ್ ಆ್ಯಂಡ್ ಬ್ಯಾಟರಿ, ಅಲ್ಲಿ ಪವರ್ ಮೋಡ್ ‘ಬೆಸ್ಟ್ ಪರ್ಫಾರ್ಮೆನ್ಸ್’ ಇಡಿ. ಚಾರ್ಜರ್ ಇದ್ದಾಗ ಒಮ್ಮೆ ಇಟ್ಟು, ಕಿತ್ತ ಮೇಲೆ ಮತ್ತೊಮ್ಮೆ ನೋಡಿ, ಅಲ್ಲೂ ಹಾಗೇ ಇದೆಯೇ ಎಂದು. ಬ್ಯಾಟರಿ ಉಳಿಸುವ ಸೇವರ್ ತಾನಾಗಿ ಎದ್ದುಕೊಳ್ಳದಂತೆ ಮಾಡಿ. ಹಳೆಯ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ಒಳಗೆ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನು ಡಿಸೇಬಲ್ ಮಾಡಿ. ಕೆಲಸವಿಲ್ಲ ಎಂದು ಲ್ಯಾಪ್‌ಟಾಪಿಗೆ ಅನಿಸಿದ ಯುಎಸ್‌ಬಿ ಸಾಧನವನ್ನು ಮಲಗಿಸುವ ವ್ಯವಸ್ಥೆ ಅದು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲೂ ಇಂಥದೇ ಒಂದು ಗುರುತು ಇರುತ್ತದೆ, ತೆಗೆಯಿರಿ.

ಇಲ್ಲೊಂದು ಸಿಕ್ಕು ಇದೆ. ಚಾರ್ಜರ್ ಹಾಕಿದರೆ ‘ಗುಂಯ್’, ತೆಗೆದರೆ ‘ಟಪ್’ ಎನ್ನುವ ಮನೆಗಳು ಬಹಳ. ಚಾರ್ಜರ್ ಕಿತ್ತ ಕೂಡಲೇ ಗುಂಯ್‌ಗುಡುವುದು ನಿಂತರೆ ತೊಂದರೆ ಹೆಚ್ಚಾಗಿ ಅರ್ಥಿಂಗ್‌ನದು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ತುರುಕಿದ್ದೀರಾ ನೋಡಿ. ಮೂರನೇ ಪಿನ್ನಿಗೆ ಗೋಡೆಯೊಳಗೆ ನಿಜವಾಗಿ ಅರ್ಥ್ ತಂತಿ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಪ್ರಾಣಕ್ಕೂ ಅದು ಬೇಕಾದದ್ದೇ. ಅರ್ಥ್ ಪಿನ್ನನ್ನು ಕಿತ್ತುಹಾಕಿ ಸದ್ದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಶಾಕ್ ಹೊಡೆಯುವ ಅಪಾಯವಿದೆ. ಕೂಡಲೇ ಸರಿಮಾಡಲು ಆಗದಿದ್ದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು, ಮೇಲಿನ ಸೆಟ್ಟಿಂಗ್ ಎಲ್ಲ ಮಾಡಿ, ಚಾರ್ಜರ್ ಕಿತ್ತು ರೆಕಾರ್ಡ್ ಮಾಡಿ. ಒಂದೂವರೆ ಎರಡು ತಾಸಿಗೆ ಹೆಚ್ಚಿನ ಲ್ಯಾಪ್‌ಟಾಪುಗಳು ತಡೆಯುತ್ತವೆ.

ಶುರುವಿನಲ್ಲಿ ಸರಿಯಿದ್ದು ಹದಿನೈದು ಇಪ್ಪತ್ತು ನಿಮಿಷದ ಮೇಲೆ ಕೆಡುವುದಕ್ಕೆ ಇನ್ನೊಂದು ಕಾರಣ ಕಾವು. ಹೊರಗಿನ ಸದ್ದು ಬರದಿರಲಿ ಎಂದು ರಗ್ಗು ಹೊದ್ದು, ಅದರೊಳಗೆ ಲ್ಯಾಪ್‌ಟಾಪನ್ನೂ ಇಟ್ಟುಕೊಂಡು ಓದುವವರಿದ್ದಾರೆ. ಹಾಸಿಗೆಯ ಮೇಲಿಟ್ಟರೆ ಅಡಿಯ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಬಿಸಿ ಏರಿದಂತೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಫ್ಯಾನ್ ಸದ್ದು ಬೇರೆ. ಮೈಕ್ ರಗ್ಗಿನೊಳಗೆ ಇರಲಿ, ಲ್ಯಾಪ್‌ಟಾಪು ಹೊರಗೆ ಗಟ್ಟಿ ಹಲಗೆಯ ಮೇಲೆ ಇರಲಿ.

ಕೇಬಲ್, ಗಡಿಯಾರ, ತಂಬೂರಿ

ಕೇಬಲ್ ಮುಟ್ಟಿದಾಗ, ಮೇಜು ಅಲುಗಿದಾಗ ಮಾತು ತುಂಡಾದರೆ ಬೇರೆ ಯೋಚನೆಯೇ ಬೇಡ, ಕೇಬಲ್ ಬದಲಿಸಿ. ಮೈಕನ್ನು ಹಬ್ ಮೂಲಕ ಹಾಕಬೇಡಿ, ಲ್ಯಾಪ್‌ಟಾಪಿನ ತೂತಿಗೇ ನೇರ ಹಾಕಿ. ಹಬ್ಬೇ ಗತಿಯಾದರೆ ಅದಕ್ಕೆ ಸ್ವಂತ ಅಡಾಪ್ಟರ್ ಇರಲಿ. ಎಡಗಡೆಯ ತೂತಿನಲ್ಲಿ ಕೆಡುವುದು ಬಲಗಡೆಯದರಲ್ಲಿ ಸರಿಹೋದದ್ದೂ ಉಂಟು. ಕಾಲರ್‌ಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವಂಥವು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕುಗಳು ಅದೇ ತರಂಗಾಂತರದ ಸುತ್ತ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದೆ. ಮೈಕಿನ ರಿಸೀವರ್ ಪಕ್ಕದ ತೂತಿನಲ್ಲಿ ಅಂಥ ಡಿಸ್ಕ್ ಇದ್ದರೆ ಕೀಳಿರಿ.

ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ‘ಟಿಕ್ ಟಿಕ್’ ಬರುತ್ತಿದ್ದರೆ ಸ್ಯಾಂಪಲ್ ರೇಟ್ ಹೊಂದುತ್ತಿಲ್ಲ ಎಂದು ಮೊದಲ ಅನುಮಾನ. ಮೈಕ್ 48,000ದಲ್ಲಿ, ವಿಂಡೋಸ್ 44,100ರಲ್ಲಿ, ತಂತ್ರಾಂಶ ಮತ್ತೊಂದರಲ್ಲಿ ಇರುತ್ತವೆ. ಸಿಡಿಗೆ 44,100, ವಿಡಿಯೊಗೆ 48,000 ಎಂಬುದು ರೂಢಿ. ಯಾವುದಾದರೂ ಒಂದನ್ನು ಆರಿಸಿ ಮೂರೂ ಕಡೆ ಅದನ್ನೇ ಇಡಿ. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್‌ನ ಮೈಕ್ ಪುಟದಲ್ಲಿ, ಮ್ಯಾಕ್‌ನಲ್ಲಿ ‘ಆಡಿಯೊ ಮಿಡಿ ಸೆಟಪ್’ನಲ್ಲಿ ಇದು ಸಿಗುತ್ತದೆ.

ಎರಡು ಯುಎಸ್‌ಬಿ ಮೈಕ್ ಹಾಕಿ ಇಬ್ಬರನ್ನು ಒಟ್ಟಿಗೆ ರೆಕಾರ್ಡ್ ಮಾಡುವವರು ಇನ್ನೊಂದು ಕಷ್ಟಕ್ಕೆ ಸಿಕ್ಕುತ್ತಾರೆ. ಪ್ರತಿ ಮೈಕಿನೊಳಗೂ ಅದರದ್ದೇ ಗಡಿಯಾರ ಇರುತ್ತದೆ, ಯಾವ ಎರಡೂ ಒಂದೇ ಸಮ ನಡೆಯುವುದಿಲ್ಲ. ಹತ್ತು ಲಕ್ಷದಲ್ಲಿ ಬರೀ 50 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಸರಿಯುತ್ತದೆ. ಆ ವ್ಯತ್ಯಾಸ ತುಂಬಲು ತಂತ್ರಾಂಶ ಆಗಾಗ ಸ್ಯಾಂಪಲ್ ಬಿಡುತ್ತದೆ ಅಥವಾ ಸೇರಿಸುತ್ತದೆ, ಅಲ್ಲೊಂದು ಟಿಕ್. ಮ್ಯಾಕ್‌ನಲ್ಲಿ ‘ಅಗ್ರಿಗೇಟ್ ಡಿವೈಸ್’ ಮಾಡಿ ‘ಡ್ರಿಫ್ಟ್ ಕರೆಕ್ಷನ್’ ಹಾಕಿದರೆ ನಿಭಾಯಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೈಕ್ ಬೇಕಾದವರು ಎರಡು ಮೈಕ್ ಹಾಕುವ ಒಂದು ಇಂಟರ್‌ಫೇಸ್ ಕೊಳ್ಳಬೇಕು. ಹಣ ಖರ್ಚು ಮಾಡಿ ಎಂದು ನಾನು ಹೇಳುವುದು ಇದೊಂದೇ ಕಡೆ.

ಮಾತಿನ ಕೊನೆ ಮೆಲ್ಲಗೆ ನುಂಗಿಹೋಗುವುದು, ‘ಹ’ಕಾರ ‘ಸ’ಕಾರ ಮಸುಕಾಗುವುದು ಡ್ರಾಪ್‌ಔಟ್‌ನಂತೆಯೇ ಕೇಳಿಸುತ್ತದೆ. ಅದು ಬೇರೆ. ಗದ್ದಲ ಕಡಿಮೆ ಮಾಡುತ್ತೇನೆ ಎಂದು ಲ್ಯಾಪ್‌ಟಾಪು ತಾನಾಗಿ ಮಾಡುವ ಶುದ್ಧೀಕರಣದ ಕೆಲಸ. ಸಂಗೀತದವರಿಗೆ ಇದರಷ್ಟು ಕಾಟ ಇನ್ನೊಂದಿಲ್ಲ. ಒಂದೇ ಸಮ ಮಿಡಿಯುವ ತಂಬೂರಿಯನ್ನು ಅದು ಫ್ಯಾನಿನ ಸದ್ದು ಎಂದು ತಿಳಿದು ಒರೆಸಿಹಾಕುತ್ತದೆ. ಬೆಂಗಳೂರಿನ ರಾಡೆಲ್‌ನ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡು ಪಾಠ ಹೇಳುವ ಮೇಷ್ಟ್ರಿಗೆ, ಅಮೆರಿಕದಲ್ಲಿರುವ ಶಿಷ್ಯರು “ಸರ್, ಶ್ರುತಿ ಕೇಳ್ತಿಲ್ಲ” ಎನ್ನುವುದು ಇದರಿಂದಲೇ. ದೀರ್ಘವಾಗಿ ಹಿಡಿದ ಷಡ್ಜವೂ ಮೂರು ನಾಲ್ಕು ಸೆಕೆಂಡಿಗೆ ಕರಗತೊಡಗುತ್ತದೆ. ವಿಂಡೋಸ್‌ನಲ್ಲಿ ಮೈಕ್ ಪುಟದ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿ ತನ್ನದೇ ಆಡಿಯೊ ತಂತ್ರಾಂಶ ಹಾಕಿದ್ದರೆ ಅದರಲ್ಲಿನ ನಾಯ್ಸ್ ಕ್ಯಾನ್ಸಲೇಷನ್ ಕೂಡ ಆರಿಸಿ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಹಾಕಿಕೊಳ್ಳಿ. ತಂಬೂರಿ ಮರಳಿ ಬರುತ್ತದೆ.

ಮ್ಯಾಕ್‌ನವರಿಗೆ ಡ್ರಾಪ್‌ಔಟ್ ಕಾಟ ಸಾಮಾನ್ಯವಾಗಿ ಕಡಿಮೆ, ಹಾಗೆಂದು ಇಲ್ಲವೇ ಇಲ್ಲ ಎಂದಲ್ಲ. 2018ರಲ್ಲಿ ಬಂದ ಮ್ಯಾಕ್‌ಬುಕ್ ಏರ್, ಮ್ಯಾಕ್‌ಬುಕ್ ಪ್ರೊ, ಮ್ಯಾಕ್ ಮಿನಿಗಳಲ್ಲಿ ಯುಎಸ್‌ಬಿ ಆಡಿಯೊ ತುಂಡಾಗುತ್ತದೆ ಎಂಬ ದೂರುಗಳು ಎದ್ದವು. ಮರುವರ್ಷದ ಮ್ಯಾಕ್‌ಒಎಸ್ 10.14.4ರಲ್ಲಿ ಆಪಲ್ ಅದಕ್ಕೆ ತಿದ್ದುಪಡಿ ಕೊಟ್ಟಿತು. ಆ ಕಾಲದ ಯಂತ್ರ ಇರುವವರು ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಉಳಿದಿದ್ದರೆ ಮೇಲಕ್ಕೆ ಬನ್ನಿ. ಲಿನಕ್ಸ್ ಬಳಸುವವರು ‘ಪಿಡಬ್ಲ್ಯೂ-ಟಾಪ್’ ಆದೇಶ ಕೊಟ್ಟು ದೋಷದ ಎಣಿಕೆ ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ಅವರಿಗೂ ಮದ್ದು ಬಫರ್ ದೊಡ್ಡದು ಮಾಡುವುದೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಕೆಟ್ಟಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ. ಬದಲಿಸಿದ್ದನ್ನು ಅದೇ ಕಾಗದದಲ್ಲಿ ಬರೆದಿಡಿ.

ಕೆಟ್ಟದ್ದನ್ನು ತೇಪೆ ಹಾಕುವುದು

ಆಗಲೇ ತುಂಡಾದ ರೆಕಾರ್ಡಿಂಗ್ ಕೈಯಲ್ಲಿದ್ದರೆ ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳಬಹುದು. ಅಡಾಸಿಟಿಯ ‘ರಿಪೇರ್’ 128 ಸ್ಯಾಂಪಲ್‌ವರೆಗಿನ ಗಾಯವನ್ನು ಅಕ್ಕಪಕ್ಕದ ಅಲೆ ನೋಡಿ ಹೊಲಿಯುತ್ತದೆ. ಅಂದರೆ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ನನ್ನ 19ರಲ್ಲಿ 11 ಹೀಗೆ ಸರಿಹೋದವು, ಈಗ ಕೇಳಿದರೆ ಗೊತ್ತಾಗುವುದಿಲ್ಲ. ಪಲ್ಲವಿಯಂತೆ ಮರಳಿ ಬರುವ ಸಾಲುಗಳಲ್ಲಿ ಬಿದ್ದ ಮೂರಕ್ಕೆ, ಅತ್ತೆ ಅದೇ ಪದವನ್ನು ಮುಂದೆ ಹಾಡಿದ ಜಾಗದಿಂದ ತಂದು ಕೂರಿಸಿದೆ. ಹಾಗೆ ಮಾಡಿದ್ದನ್ನು ಕಡತದ ಜೊತೆ ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಈ ಹಾಡುಗಳನ್ನು ಅಭ್ಯಾಸ ಮಾಡಿದರೆ ಅವರಿಗೆ ತಿಳಿಯಬೇಕು. ಉಳಿದ ಐದು ಜಾಗದ ಪದಗಳನ್ನು ಯಾವ ತಂತ್ರಾಂಶವೂ ತಂದುಕೊಡಲಾರದು. ಅತ್ತೆಯ ಪಕ್ಕ ಕೂತು ಕೇಳಿ, ಕೈಯಿಂದ ಬರೆದುಕೊಂಡೆ.

ಕಳೆದ ಬೇಸಿಗೆಯಲ್ಲಿ ಮತ್ತೆ ಹೋಗಿ ಎರಡು ದಿನ ಕೂತೆವು. ಬಫರ್ 1024, ಏರೋಪ್ಲೇನ್ ಮೋಡ್, ಬ್ಯಾಟರಿಯಲ್ಲೂ ಬೆಸ್ಟ್ ಪರ್ಫಾರ್ಮೆನ್ಸ್. ಪಕ್ಕದಲ್ಲಿ ಒಂದು ಫೋನನ್ನೂ ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟು ಅದರಲ್ಲೂ ರೆಕಾರ್ಡ್ ಮಾಡಿದೆ, ಲ್ಯಾಪ್‌ಟಾಪು ಕೈಕೊಟ್ಟರೆ ಅದಾದರೂ ಇರಲಿ ಎಂದು. ಎರಡು ದಿನದಲ್ಲಿ ಮೂರು ಸಲ ಕರೆಂಟ್ ಹೋಯಿತು. ಒಂದು ಅಕ್ಷರವೂ ಕಳೆಯಲಿಲ್ಲ.

ನಿಮ್ಮ ಮನೆಯಲ್ಲೂ ಹಾಡುವ, ಕಥೆ ಹೇಳುವ ಹಿರಿಯರಿದ್ದರೆ ತಡ ಮಾಡಬೇಡಿ. ಅವರನ್ನು ಕೂರಿಸುವ ಹಿಂದಿನ ಸಂಜೆ ಅದೇ ಕೋಣೆಯಲ್ಲಿ, ಅದೇ ಕೇಬಲ್ಲಿನಲ್ಲಿ, ನೀವೇ ಅರ್ಧ ಗಂಟೆ ಏನನ್ನಾದರೂ ಓದಿ ರೆಕಾರ್ಡ್ ಮಾಡಿ. ಹದಿನೈದನೇ ನಿಮಿಷಕ್ಕೆ ಚಾರ್ಜರ್ ಕಿತ್ತುಬಿಡಿ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ನಡುವೆ ಓಡಿಸದೆ, ಅರ್ಧ ಗಂಟೆಯನ್ನೂ ಪೂರ್ತಿ ಕೇಳಿ.